ಲೆನ್ಸಿನ ನೇಟಿವ್ ಯಾವುದು?

ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತವರು ಮಾತಿಗೆಳೆದರೆ ಎರಡನೇ ಪ್ರಶ್ನೆ ಇದೇ: ‘ನಿಮ್ಮ ನೇಟಿವ್ ಯಾವ್ದು?’ ಮೂವತ್ತು ವರ್ಷದಿಂದ ಹಾಸನದಲ್ಲೇ ಇದ್ದರೂ ‘ಅರಕಲಗೂಡು ಹತ್ರ ಒಂದು ಹಳ್ಳಿ’ ಅಂತಲೇ ಉತ್ತರ ಬರುತ್ತದೆ. ಕ್ಯಾಮೆರಾದವರು ‘ನೇಟಿವ್ ಲೆನ್ಸ್’ ಅನ್ನುವಾಗ ಈ ಪದದ ಅರ್ಥ ಸ್ವಲ್ಪ ಜರುಗುತ್ತದೆ. ಅಲ್ಲಿ ಯಾರ ಮನೆಯಲ್ಲಿ ಹುಟ್ಟಿತು ಅನ್ನುವುದು ಲೆಕ್ಕಕ್ಕಿಲ್ಲ, ಯಾವ ಬಾಗಿಲಿನ ಅಳತೆಗೆ ಮಾಡಿದ್ದು ಅನ್ನುವುದಷ್ಟೇ ಲೆಕ್ಕ.

ಕ್ಯಾಮೆರಾದ ಮುಂದೆ ಲೆನ್ಸ್ ಕೂರುವ ಲೋಹದ ಬಳೆಯೇ ಮೌಂಟ್. ಮಿರರ್‌ಲೆಸ್ ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾಗಳಲ್ಲಿ ಸೋನಿಗೆ ಇ ಮೌಂಟ್, ನಿಕಾನ್‌ಗೆ ಝಡ್, ಕ್ಯಾನನ್‌ಗೆ ಆರ್‌ಎಫ್, ಫ್ಯೂಜಿಗೆ ಎಕ್ಸ್. ಆ ಮೌಂಟಿಗೆಂದೇ ಮಾಡಿದ, ನಡುವೆ ಇನ್ನೊಂದು ತುಂಡಿಲ್ಲದೆ ನೇರವಾಗಿ ಕೂರುವ ಲೆನ್ಸ್ ನೇಟಿವ್. ಕಂಪನಿ ಒಂದೇ ಆಗಬೇಕೆಂದಿಲ್ಲ. ಟ್ಯಾಮ್ರಾನ್ ಆಗಲಿ ಸಿಗ್ಮಾ ಆಗಲಿ, ಇ ಮೌಂಟಿಗೆ ಮಾಡಿದ ಲೆನ್ಸ್ ಸೋನಿಗೆ ನೇಟಿವ್ವೇ. ಆದರೆ ನಿಕಾನ್ ಕಂಪನಿಯದೇ ಹಳೆಯ ಎಫ್ ಮೌಂಟ್ ಲೆನ್ಸು ನಿಕಾನ್ ಝಡ್ ಕ್ಯಾಮೆರಾಕ್ಕೆ ಪರವೂರಿನದು. ಒಂದೇ ಮನೆತನ, ಬಾಗಿಲು ಬೇರೆ. ಇಂಥದ್ದನ್ನು ಕೂರಿಸಬೇಕಾದರೆ ನಡುವೆ ಅಡಾಪ್ಟರ್ ಬೇಕು. ಹಾಗೆ ಕೂರಿಸಿದ್ದಕ್ಕೆ ಅಡಾಪ್ಟೆಡ್ ಲೆನ್ಸ್ ಅನ್ನುತ್ತಾರೆ.

ನಾನು ಮೊದಲ ಅಡಾಪ್ಟರ್ ತರಿಸಿದಾಗ ಡಬ್ಬಿ ಬಿಚ್ಚಿ ನೋಡಿದ್ದು ಅಮ್ಮ. ಅಡಾಪ್ಟರ್ ಅಂದರೆ ಲ್ಯಾಪ್‌ಟಾಪಿನ ಚಾರ್ಜರ್ ಅಂದುಕೊಂಡಿದ್ದರು. ‘ಇದೇನೋ ಇದು, ಬರೀ ಬಳೆ! ಒಳಗಡೆ ಏನೂ ಇಲ್ವಲ್ಲೋ. ಇದಕ್ಕೂ ದುಡ್ಡು ಕೊಟ್ಯಾ?’ ಅಂದರು. ಏನೂ ಇಲ್ಲ ಅನ್ನುವುದು ನಿಜ. ಆ ‘ಏನೂ ಇಲ್ಲ’ ಎಷ್ಟು ಮಿಲಿಮೀಟರ್ ಉದ್ದ ಇದೆ ಅನ್ನುವುದರ ಮೇಲೇ ಎಲ್ಲವೂ ನಿಂತಿದೆ.

ಮೌಂಟಿನ ಬಳೆಯಿಂದ, ಬಿಂಬ ಬೀಳುವ ಸೆನ್ಸರ್‌ವರೆಗಿನ ದೂರಕ್ಕೆ ಫ್ಲ್ಯಾಂಜ್ ದೂರ ಎಂದು ಹೆಸರು. ಡಿಎಸ್‌ಎಲ್‌ಆರ್ ಅನ್ನುವ ಹಿಂದಿನ ಬಗೆಯ ಕ್ಯಾಮೆರಾದಲ್ಲಿ, ಅದಕ್ಕೂ ಮೊದಲಿನ ಫಿಲ್ಮ್ ಎಸ್‌ಎಲ್‌ಆರ್‌ನಲ್ಲೂ, ಈ ಜಾಗದಲ್ಲಿ ಒಂದು ಕನ್ನಡಿ ಇರುತ್ತದೆ, ಬಟನ್ ಒತ್ತಿದಾಗಲೆಲ್ಲ ಅದು ಮೇಲಕ್ಕೆ ಏಳಬೇಕು. ಅದಕ್ಕೆ ಜಾಗ ಬಿಟ್ಟು 1959ರ ನಿಕಾನ್ ಎಫ್ ಮೌಂಟು ಈ ದೂರವನ್ನು 46.5 ಮಿ.ಮೀ. ಇಟ್ಟಿತು, 1987ರ ಕ್ಯಾನನ್ ಇಎಫ್ 44 ಮಿ.ಮೀ. ಇಟ್ಟಿತು. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲವಾದ್ದರಿಂದ ಈ ದೂರ ಕುಗ್ಗಿತು: ಸೋನಿ ಇ 18, ನಿಕಾನ್ ಝಡ್ 16, ಕ್ಯಾನನ್ ಆರ್‌ಎಫ್ 20. ಹಳೆಯ ನಿಕಾನ್ ಲೆನ್ಸ್ ತನ್ನಿಂದ 46.5 ಮಿ.ಮೀ. ಹಿಂದೆ ಬಿಂಬ ಬೀಳುತ್ತದೆಂದು ನಂಬಿಕೊಂಡು ಹುಟ್ಟಿದ್ದು. ಸೋನಿಯಲ್ಲಿ ಸೆನ್ಸರ್ 18ಕ್ಕೇ ಸಿಗುತ್ತದೆ. ಉಳಿದ 28.5 ಮಿ.ಮೀ. ತುಂಬಿಕೊಡುವುದೇ ಅಡಾಪ್ಟರಿನ ಕೆಲಸ. ಅಂದರೆ ಕ್ಯಾಮೆರಾದಿಂದ ತೆಗೆದುಹಾಕಿದ ಕನ್ನಡಿಯ ಜಾಗವನ್ನೇ ಕೊಳವೆ ಮಾಡಿ ನಮಗೆ ಮಾರುತ್ತಾರೆ!

ಉಲ್ಟಾ ಮಾತ್ರ ನಡೆಯುವುದಿಲ್ಲ. ಕಡಿಮೆ ದೂರದ ಲೆನ್ಸನ್ನು ಹೆಚ್ಚು ದೂರದ ಕ್ಯಾಮೆರಾಕ್ಕೆ ಹಾಕಿದರೆ ದೂರದ ವಸ್ತು ಫೋಕಸ್ಸಿಗೇ ಬರುವುದಿಲ್ಲ. ಕ್ಯಾನನ್ ಇಎಫ್ ಮತ್ತು ನಿಕಾನ್ ಎಫ್ ನಡುವೆ ಇರುವುದು ಬರೀ 2.5 ಮಿ.ಮೀ. ವ್ಯತ್ಯಾಸ. ಆದರೂ ಕ್ಯಾನನ್ನಿನ 50 ಮಿ.ಮೀ. ಫೋಕಲ್ ಲೆಂತಿನ ಲೆನ್ಸನ್ನು ಹೇಗೋ ನಿಕಾನ್ ಡಿಎಸ್‌ಎಲ್‌ಆರ್‌ಗೆ ಕಚ್ಚಿಸಿದರೆ ಅದು ಸುಮಾರು ಒಂದು ಮೀಟರಿನಾಚೆ ನೋಡಲಾರದು. ಹಳೇಬೀಡಿನ ದೊಡ್ಡ ನಂದಿಯ ಎದುರು ನಿಂತರೆ ಮೂಗು ಸಿಕ್ಕೀತು, ಬೆನ್ನು ಸಿಗದು.

ಮಿಲಿಮೀಟರಿನ ಬೆಲೆ ನನಗೆ ಗೊತ್ತಾಗಿದ್ದು ಮುಳ್ಳಯ್ಯನಗಿರಿಯ ಮೇಲೆ. ಚಿಕ್ಕಪ್ಪ ಕೊಟ್ಟ ಹಳೆಯ ನಿಕಾನ್ 50 ಮಿ.ಮೀ. ಲೆನ್ಸು (ಎಫ್/1.8, ಅಂದರೆ ಅಪರ್ಚರ್ ಎಂಬ ಬೆಳಕಿನ ಕಂಡಿ ಪೂರ್ತಿ ತೆರೆದಾಗಿನ ಅಳತೆ), ಆನ್‌ಲೈನಿನಲ್ಲಿ ಕಂಡದ್ದರಲ್ಲೇ ಅಗ್ಗದ ಅಡಾಪ್ಟರು, ನನ್ನ ಸೋನಿ. 1,930 ಮೀಟರ್ ಎತ್ತರದಲ್ಲಿ ನಿಂತು ಎದುರಿನ ಬಾಬಾಬುಡನ್‌ಗಿರಿ ಸಾಲಿಗೆ ಹಿಡಿದೆ. ಫೋಕಸ್ ರಿಂಗನ್ನು ಕೊನೆಯವರೆಗೂ ತಿರುಗಿಸಿದೆ. ಬೆಟ್ಟದ ಅಂಚು ಇನ್ನೇನು ಚೂಪಾಯಿತು ಅನ್ನುವಷ್ಟರಲ್ಲಿ ರಿಂಗು ನಿಂತುಬಿಟ್ಟಿತು. ಮಂಜು ಇರಬೇಕು ಅಂತ ಸಮಾಧಾನ ಮಾಡಿಕೊಂಡೆ. ಊರಿಗೆ ಬಂದು ಪರಿಚಯದ ಲೇತ್ ಅಂಗಡಿಯಲ್ಲಿ ವರ್ನಿಯರ್ ಹಿಡಿಸಿದರೆ 28.5 ಇರಬೇಕಾದ್ದು 28.7 ಇತ್ತು. ‘ಎರಡು ಪಾಯಿಂಟ್ ತಾನೇ ಅಣ್ಣಾ, ಏನಾಗ್ತದೆ?’ ಅಂದ ಹುಡುಗ. ಆಗುವುದು ಇಷ್ಟು: ಅಪರ್ಚರ್ ಪೂರ್ತಿ ತೆರೆದಾಗ 50 ಮಿ.ಮೀ. ಲೆನ್ಸಿಗೆ ಹನ್ನೆರಡು ಮೀಟರ್ ಆಚೆಗಿನದೆಲ್ಲ ಮೆತ್ತಗಾಗುತ್ತದೆ. ಅಳತೆಗಿಂತ ಕೂದಲೆಳೆ ತೆಳ್ಳಗಿದ್ದರೆ ಅಷ್ಟು ತೊಂದರೆ ಇಲ್ಲ, ರಿಂಗಿನ ಮೇಲಿನ ದೂರದ ಗುರುತುಗಳು ಸುಳ್ಳಾಗುತ್ತವೆ ಅಷ್ಟೆ. ದಪ್ಪವಾದರೆ ಕೆಟ್ಟಿತು. ಅಡಾಪ್ಟರ್ ಕೈಗೆ ಬಂದ ದಿನವೇ ದೂರದ ತೆಂಗಿನ ತಲೆಗೋ ಟವರಿಗೋ ಹಿಡಿದು ನೋಡಿ, ಹಿಂದಿರುಗಿಸುವ ಗಡುವು ಮುಗಿಯುವ ಮೊದಲು.

ಇನ್ನು ಮಾತುಕತೆಯ ವಿಷಯ. ನೇಟಿವ್ ಲೆನ್ಸಿನ ಹಿಂಭಾಗದಲ್ಲಿ ಸಾಲಾಗಿ ಲೋಹದ ಚುಕ್ಕೆಗಳಿರುತ್ತವೆ. ಅವುಗಳ ಮೂಲಕ ಲೆನ್ಸು ಮತ್ತು ಕ್ಯಾಮೆರಾ ಬಿಡುವಿಲ್ಲದೆ ಹರಟುತ್ತಿರುತ್ತವೆ: ಫೋಕಸ್ ಎಲ್ಲಿದೆ, ಅಪರ್ಚರ್ ಎಷ್ಟು, ಅಂಚಿನ ಗೆರೆ ಎಷ್ಟು ಬಾಗಿದೆ, ನೆಟ್ಟಗೆ ಮಾಡು. ಬರೀ ಬಳೆಯ ಅಡಾಪ್ಟರಿನಲ್ಲಿ ಈ ಮಾತು ಬಂದ್. ಕ್ಯಾಮೆರಾ ತನ್ನ ಮುಂದೆ ಲೆನ್ಸೇ ಇಲ್ಲ ಅಂದುಕೊಳ್ಳುತ್ತದೆ. ಮೆನುವಿನಲ್ಲಿ ‘ಲೆನ್ಸ್ ಇಲ್ಲದೆಯೂ ಶಟರ್ ಬಿಡು’ ಅನ್ನುವ ಅರ್ಥದ ಆಯ್ಕೆಯನ್ನು ಆನ್ ಮಾಡದಿದ್ದರೆ ಎಷ್ಟು ಒತ್ತಿದರೂ ಫೋಟೋ ಬೀಳುವುದಿಲ್ಲ. ಕ್ಯಾಮೆರಾ ಕೆಟ್ಟಿತು ಅಂತ ರಿಪೇರಿಗೆ ಒಯ್ಯುವ ಮೊದಲು ಅದನ್ನು ನೋಡಿ. ಕೈನಡುಕ ತಡೆಯುವ ವ್ಯವಸ್ಥೆ ಬಾಡಿಯಲ್ಲಿದ್ದರೆ ಲೆನ್ಸಿನ ಫೋಕಲ್ ಲೆಂತ್ ‘50’ ಅಂತ ನಾವೇ ಬರೆದುಕೊಡಬೇಕು. ಅಪರ್ಚರ್ ರಿಂಗೇ ಇಲ್ಲದ ಲೆನ್ಸುಗಳ ಕಥೆ ಇನ್ನೂ ಕಷ್ಟ. ಕ್ಯಾನನ್ ಇಎಫ್ ಲೆನ್ಸಿನ ಅಪರ್ಚರ್ ನಡೆಯುವುದೇ ಕರೆಂಟಿನಿಂದ, ಬರೀ ಬಳೆಗೆ ಹಾಕಿದರೆ ಅದು ಪೂರ್ತಿ ತೆರೆದೇ ಕೂರುತ್ತದೆ.

ಮಾತಾಡುವ ಅಡಾಪ್ಟರುಗಳೂ ಇವೆ. ಕ್ಯಾನನ್ ತನ್ನ ಇಎಫ್ ಲೆನ್ಸುಗಳಿಗೆ ಆರ್‌ಎಫ್ ಕ್ಯಾಮೆರಾದಲ್ಲಿ ಕೊಟ್ಟಿರುವ ಅಡಾಪ್ಟರಿನಲ್ಲಿ ಆಟೋಫೋಕಸ್ ಏನೂ ಕಳೆದುಕೊಂಡಂತೆ ಅನ್ನಿಸುವುದಿಲ್ಲ. ಎಫ್ ಲೆನ್ಸನ್ನು ಝಡ್ ಕ್ಯಾಮೆರಾಕ್ಕೆ ಕೂರಿಸುವ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಒಂದು ತೊಡಕಿದೆ. ಅದರೊಳಗೆ ಮೋಟರ್ ಇಲ್ಲ. ಮೋಟರ್ ಲೆನ್ಸಿನಲ್ಲೇ ಇರುವ ಎಎಫ್-ಎಸ್, ಎಎಫ್-ಪಿ ಲೆನ್ಸುಗಳು ತಾವಾಗಿ ಫೋಕಸ್ ಮಾಡುತ್ತವೆ, ಹಳೆಯ ಎಎಫ್-ಡಿ ಲೆನ್ಸುಗಳಿಗೆ ಕೈಯೇ ಗತಿ. ಮದುವೆ ಸ್ಟುಡಿಯೋದವರು ಡಿಎಸ್‌ಎಲ್‌ಆರ್ ಕೊಟ್ಟು ಮಿರರ್‌ಲೆಸ್ ತರುವಾಗ ಹೆಚ್ಚಾಗಿ ಎಡವುವುದು ಇಲ್ಲೇ.

ಹಾಗಾದರೆ ಯಾವುದನ್ನು ಕೊಳ್ಳುವುದು? ನನ್ನ ಮಟ್ಟಿಗೆ ಇದು ಎದುರಿಗಿರುವುದು ನಮಗಾಗಿ ಕಾಯುತ್ತದೋ ಇಲ್ಲವೋ ಅನ್ನುವ ಪ್ರಶ್ನೆ. ಬೇಲೂರಿನ ಮದನಿಕೆಯರು ಒಂಬತ್ತು ಶತಮಾನದಿಂದ ಅಲ್ಲೇ ಇದ್ದಾರೆ, ಇನ್ನೂ ಎರಡು ನಿಮಿಷ ಇರುತ್ತಾರೆ. ಪರದೆಯಲ್ಲಿ ಬಿಂಬವನ್ನು ದೊಡ್ಡದು ಮಾಡಿ, ಕಂಠೀಹಾರದ ಮಣಿ ಮಣಿ ಬಿಡಿಯಾಗಿ ಕಾಣುವವರೆಗೆ ರಿಂಗನ್ನು ಕೂದಲೆಳೆಯಷ್ಟು ತಿರುಗಿಸುವ ಸುಖ ಚಿಕ್ಕಪ್ಪನ ಲೆನ್ಸಿನಲ್ಲಿರುವಷ್ಟು ನನ್ನ ಯಾವ ಹೊಸ ಲೆನ್ಸಿನಲ್ಲೂ ಇಲ್ಲ. (ಅಂಚುಗಳಿಗೆ ಕೆಂಪು ಬಳಿಯುವ ಫೋಕಸ್ ಪೀಕಿಂಗನ್ನು ಎಫ್/1.8ರಲ್ಲಿ ಪೂರ್ತಿ ನಂಬಬೇಡಿ.) ಅದೇ ಲೆನ್ಸು ಹಿಡಿದು ಅತ್ತೆ ಮಗಳ ಮದುವೆಗೆ ಹೋದೆ. ಗಟ್ಟಿಮೇಳ ಶುರುವಾಯಿತು, ಅಕ್ಷತೆ ಹಾರಿತು, ನಾನು ರಿಂಗು ತಿರುಗಿಸುತ್ತಲೇ ಇದ್ದೆ. ತಾಳಿ ಕಟ್ಟುವ ಫೋಟೋದಲ್ಲಿ ಚೂಪಾಗಿ ಬಂದಿದ್ದು ಹಿಂದೆ ನಿಂತ ಪುರೋಹಿತರ ಕೈಗಡಿಯಾರ. ಅತ್ತೆ ಈಗಲೂ ಆ ಮಾತೆತ್ತುತ್ತಾರೆ.

ಭದ್ರಾ ಹಿನ್ನೀರಿನ ರೀವ ಹಕ್ಕಿಗಳ (ರಿವರ್ ಟರ್ನ್) ಚಿತ್ರ ತೆಗೆಯುವವರಿಗಂತೂ ನೇಟಿವ್ ಬಿಟ್ಟು ಬೇರೆ ಹೇಳಲಾರೆ. ನೀರಿಗೆ ಎರಗುವ ಹಕ್ಕಿಯ ಕಣ್ಣನ್ನು ಕ್ಯಾಮೆರಾ ಹುಡುಕುತ್ತದೆ, ಲೆನ್ಸು ಆ ಕ್ಷಣವೇ ಓಡಬೇಕು, ನಡುವೆ ದುಭಾಷಿ ನಿಂತರೆ ಹಕ್ಕಿ ಹೋಗಿರುತ್ತದೆ.

ಮಲೆನಾಡಿನ ಕಡೆಯವರಿಗೆ ಇನ್ನೆರಡು ಮಾತು. ಅಗ್ಗದ ಅಡಾಪ್ಟರಿಗೆ ರಬ್ಬರ್ ಅಂಚು ಇರುವುದಿಲ್ಲ, ಬಾಡಿಯೂ ಲೆನ್ಸೂ ನೀರು ತಡೆಯುವಂಥವಾದರೂ ಜಡಿಮಳೆ ನುಸುಳಲು ನಡುವೆ ಎರಡು ಸಂದು ಸಿಕ್ಕಿದಂತೆ. ಹಳೆಯ ಲೆನ್ಸ್ ಕೊಳ್ಳುವಾಗ ಅಪರ್ಚರ್ ಪೂರ್ತಿ ತೆರೆದು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಚಿಕ್ಕಪ್ಪನ ಲೆನ್ಸು ಮೂಡಿಗೆರೆಯ ಮನೆಯ ಟ್ರಂಕಿನಲ್ಲಿ ಎಷ್ಟೋ ಮಳೆಗಾಲ ಕಳೆದದ್ದು. ಅಂಚಿನಲ್ಲಿ ಎರಡು ಎಳೆ ಇವೆ. ಫೋಟೋದಲ್ಲಿ ಕಾಣುವುದಿಲ್ಲ, ಬೇರೆ ಲೆನ್ಸುಗಳ ಜೊತೆ ಒಂದೇ ಡಬ್ಬಿಯಲ್ಲಿ ಮಾತ್ರ ಇಡುವುದಿಲ್ಲ.