ಅಪ್ಪನ ವಯಸ್ಸಿನ ಸುಬೇದಾರರು 22ರ ಲೆಫ್ಟಿನೆಂಟ್‌ಗೆ ಮನಸ್ಸಿನಿಂದ ಗೌರವ ಕೊಡ್ತಾರಾ?

ಪ್ರಶ್ನೆ: ನನ್ನ ತಂಗಿಯ ಮಗ ಡೆಹ್ರಾಡೂನ್‌ನಲ್ಲಿ ಟ್ರೈನಿಂಗ್ ಮುಗಿಸಿ ಲೆಫ್ಟಿನೆಂಟ್ ಆಗಿದ್ದಾನೆ. ವಯಸ್ಸು 22. ಇನ್ನು ಕೆಲವೇ ದಿನದಲ್ಲಿ ಇನ್‌ಫೆಂಟ್ರಿ ಬಟಾಲಿಯನ್ ಸೇರಬೇಕು. ಅವನ ಕೈಕೆಳಗೆ ಅವನ ಅಪ್ಪನ ವಯಸ್ಸಿನವರೂ ಇರ್ತಾರಂತೆ. ಅವರು ಸೆಲ್ಯೂಟ್ ಹೊಡೆಯೋದು ನಿಯಮ ಇರೋದಕ್ಕೆ, ಸರಿ. ಆದರೆ ಮನಸ್ಸಿನಿಂದ ಗೌರವ ಕೊಡ್ತಾರಾ? ಅದನ್ನು ಅವನು ಹೇಗೆ ಸಂಪಾದಿಸಬೇಕು?

ಉತ್ತರ: ಕೊಡ್ತಾರೆ. ಆದರೆ ಬಂದ ದಿನವೇ ಕೊಡಲ್ಲ, ನೋಡಿ ಕೊಡ್ತಾರೆ. ಮಗನನ್ನು ಸೈನ್ಯಕ್ಕೆ ಕಳಿಸಿದ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಪಾಸಿಂಗ್ ಔಟ್ ಪರೇಡ್ ಮುಗಿದು ಅಪ್ಪ ಅಮ್ಮ ಹೆಗಲಿಗೆ ಸ್ಟಾರ್ ಹಾಕುವಾಗ ಯಾರಿಗೂ ಇದು ಹೊಳೆಯುವುದಿಲ್ಲ. ರಜೆ ಮುಗಿದು ಟ್ರಂಕ್ ತುಂಬುವಾಗ ಶುರುವಾಗುತ್ತದೆ.

ಮೊದಲು ನಿಯಮದ ಮಾತು ಮುಗಿಸಿಬಿಡೋಣ. 1950ರ ಆರ್ಮಿ ಆಕ್ಟ್‌ನ 41ನೇ ಸೆಕ್ಷನ್ ಪ್ರಕಾರ ಮೇಲಧಿಕಾರಿಯ ಆದೇಶ ಪಾಲಿಸದಿರುವುದು ಅಪರಾಧ. ಹಾಗಾಗಿ ಆದೇಶ ನಡೆಯುತ್ತದೆ, ಅದರ ಚಿಂತೆ ಬೇಡ. ಅದೇ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಕೈಕೆಳಗಿನವರ ಮೇಲೆ ಕೈ ಮಾಡುವುದೂ ಅಪರಾಧವೇ. ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿಲ್ಲ. ಕಾನೂನಿನ ಕೈಲಿ ಆಗುವುದು ಇಷ್ಟೇ. ಪ್ಲಟೂನ್ ಅಂದರೆ ಅವನ ಕೈಕೆಳಗಿನ ಮೂವತ್ತು ಚಿಲ್ಲರೆ ಜನರ ತುಕಡಿ. ಹೇಳಿದಷ್ಟು ಮಾಡಿ ಸುಮ್ಮನೆ ನಿಲ್ಲುವ ಪ್ಲಟೂನ್ ಬೇರೆ, ಹೇಳದಿದ್ದರೂ ಮುಂದಿನ ಕೆಲಸಕ್ಕೆ ಕೈ ಹಾಕುವ ಪ್ಲಟೂನ್ ಬೇರೆ. ನೀವು ಕೇಳುತ್ತಿರುವುದು ಎರಡನೆಯದರ ಬಗ್ಗೆ.

ಅಲ್ಲಿ ಅವನು ಮೊದಲು ಅರ್ಥ ಮಾಡಿಕೊಳ್ಳಬೇಕಾದವರು ಜೆಸಿಒಗಳು, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್‌ಗಳು. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಸಿಪಾಯಿಯಾಗಿ ಸೇರಿ, ಲಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಅಂತ ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. ಲೆಫ್ಟಿನೆಂಟ್ ಹೆಗಲ ಮೇಲೆ ಎರಡು ಸ್ಟಾರ್. ಸುಬೇದಾರರ ಹೆಗಲ ಮೇಲೂ ಎರಡೇ ಸ್ಟಾರ್, ಜೊತೆಗೊಂದು ಕೆಂಪು-ಹಳದಿ ಪಟ್ಟಿ. ಆ ಪಟ್ಟಿಯ ಹಿಂದೆ ಇಪ್ಪತ್ತು ಚಿಲ್ಲರೆ ವರ್ಷದ ಸರ್ವಿಸ್ ಇರುತ್ತದೆ. ಕಾಶ್ಮೀರ ಆಗಿರುತ್ತದೆ, ಈಶಾನ್ಯ ಆಗಿರುತ್ತದೆ, ಕೆಲವರದು ಸಿಯಾಚಿನ್ ಕೂಡ ಆಗಿರುತ್ತದೆ. ನಿಮ್ಮ ಹುಡುಗ ಹುಟ್ಟುವ ಮೊದಲೇ ಕೆಲವರು ರೈಫಲ್ ಹಿಡಿದಿರಬಹುದು. ಆದರೂ ಮೊದಲು ಸೆಲ್ಯೂಟ್ ಹೊಡೆಯಬೇಕಾದವರು ಅವರೇ. ಇವನು ಪೂರ್ಣ ಕಮಿಷನ್ಡ್ ಆಫೀಸರ್, ಅವರಿಗಿಂತ ಮೇಲಿನ ದರ್ಜೆ ಅಲ್ವಾ.

ಇಬ್ಬರೂ ಒಬ್ಬರನ್ನೊಬ್ಬರು 'ಸಾಬ್' ಅಂತಲೇ ಕರೆಯುತ್ತಾರೆ. ಸುಬೇದಾರರನ್ನು ಬರೀ ಹೆಸರು ಹಿಡಿದು ಕೂಗುವ ಲೆಫ್ಟಿನೆಂಟ್ ಅವತ್ತೇ ಕೆಟ್ಟ. ಹಿಂದಿಯಲ್ಲಿ ಮಾತಾಡುವಾಗ 'ಆಪ್' ಬಿಟ್ಟು ಕೆಳಗಿಳಿಯಬಾರದು. ನಮ್ಮ ಕಡೆಯ ಹುಡುಗರಿಗೆ ಹಿಂದಿ ಅರ್ಧಂಬರ್ಧ, 'ತುಮ್' ಬೇಗ ಬಾಯಿಗೆ ಬಂದುಬಿಡುತ್ತದೆ. ಇದೊಂದನ್ನು ಹೊರಡುವ ಮೊದಲೇ ತಿದ್ದಿಕೊಳ್ಳಲಿ.

ಇನ್ನು ಕೆಲಸದ ಮಾತು. ಹೊಸಬರು ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಕೆಲವರು ಎಲ್ಲ ಗೊತ್ತಿರುವ ಹಾಗೆ ನಡೆದುಕೊಳ್ಳುತ್ತಾರೆ. ಅಕಾಡೆಮಿಯಲ್ಲಿ ಮ್ಯಾಪ್ ರೀಡಿಂಗ್‌ನಲ್ಲಿ ಒಳ್ಳೆ ಮಾರ್ಕ್ಸ್ ಬಂದಿರುತ್ತದೆ, ಅದನ್ನು ಆ ಬೆಟ್ಟವನ್ನು ಹತ್ತಾರು ಸಲ ಹತ್ತಿ ಇಳಿದ ಹವಾಲ್ದಾರರಿಗೆ ಪಾಠ ಮಾಡಲು ಹೋಗುತ್ತಾರೆ. ಇನ್ನು ಕೆಲವರು ಇದಕ್ಕೆ ಹೆದರಿ ಎಲ್ಲವನ್ನೂ 'ಸುಬೇದಾರ್ ಸಾಬ್ ನೋಡ್ಕೊಳ್ತಾರೆ' ಅಂತ ಬಿಟ್ಟು ಮೆಸ್ ಸೇರುತ್ತಾರೆ. ನನ್ನ ಪ್ರಕಾರ ಎರಡನೆಯದೇ ಜಾಸ್ತಿ ಕೆಟ್ಟದ್ದು. ಮೊದಲನೆಯವರಿಗೆ ಬೆಟ್ಟವೇ ಬುದ್ಧಿ ಕಲಿಸುತ್ತದೆ. ಎರಡನೆಯವರಿಗೆ ಕಲಿಸುವವರು ಯಾರೂ ಇರುವುದಿಲ್ಲ.

ಹೊಸಬನಿಗೆ ಎಲ್ಲ ಗೊತ್ತಿರಬೇಕು ಅಂತ ಜವಾನರು ಬಯಸುವುದೇ ಇಲ್ಲ. ಅವರು ನೋಡುವುದು ಎರಡೇ. ಕೇಳಿ ತಿಳಿದುಕೊಳ್ಳುತ್ತಾನಾ? ಎಡವಟ್ಟಾದಾಗ ಮುಂದೆ ನಿಲ್ಲುತ್ತಾನಾ?

ಒಂದು ಉದಾಹರಣೆ ತಗೊಳ್ಳಿ. ರಾತ್ರಿ ಪಟ್ರೋಲ್ ಹೋಗಬೇಕು. ಸುಬೇದಾರ್ ಸಾಬ್ ನಾಲೆ ಬಿಟ್ಟು ಮೇಲಿನ ಕಾಲುದಾರಿಯಲ್ಲಿ ಹೋಗೋಣ ಅನ್ನುತ್ತಾರೆ. ಲೆಫ್ಟಿನೆಂಟ್ ಕಾರಣ ಕೇಳುತ್ತಾನೆ, ಮ್ಯಾಪ್ ನೋಡುತ್ತಾನೆ, ಸರಿ ಅಂತ ಒಪ್ಪುತ್ತಾನೆ. ದಾರಿಯಲ್ಲಿ ಮಣ್ಣು ಕುಸಿದಿರುತ್ತದೆ. ಸುತ್ತಿ ಬರುವಷ್ಟರಲ್ಲಿ ತುಂಬಾ ತಡ. ಬೆಳಗ್ಗೆ ಕಂಪನಿ ಕಮಾಂಡರ್ ಕೇಳುತ್ತಾರೆ, ಯಾಕೆ ಲೇಟು? 'ಸುಬೇದಾರ್ ಸಾಬ್ ಆ ದಾರಿ ಹೇಳಿದ್ರು ಸರ್' ಅನ್ನಬಹುದು. ಅದು ನಿಜವೂ ಹೌದು. 'ದಾರಿ ಆರಿಸಿದ್ದು ನಾನು ಸರ್' ಅಂತಲೂ ಅನ್ನಬಹುದು. ಯಾವ ಉತ್ತರ ಕೊಟ್ಟ ಅನ್ನುವುದು ಮಧ್ಯಾಹ್ನದೊಳಗೆ ಲಂಗರ್‌ನಲ್ಲಿ, ಅಂದರೆ ಜವಾನರ ಅಡುಗೆಮನೆಯಲ್ಲಿ, ರೊಟ್ಟಿ ಸುಡುವವನಿಗೂ ಗೊತ್ತಾಗಿರುತ್ತದೆ. ಎರಡನೆಯ ಉತ್ತರ ಕೊಟ್ಟವನ ಜೊತೆ ಮುಂದಿನ ಪಟ್ರೋಲ್‌ಗೆ ಹೋಗುವಾಗ ಸುಬೇದಾರರು ತಾವಾಗಿಯೇ ಹಗಲಲ್ಲಿ ಒಂದು ಸುತ್ತು ಹಾಕಿ ದಾರಿ ನೋಡಿಕೊಂಡು ಬಂದಿರುತ್ತಾರೆ. ಇದನ್ನು ಯಾವ ಸೆಕ್ಷನ್ ಹಾಕಿಯೂ ಮಾಡಿಸಲು ಆಗಲ್ಲ.

ಮೈಯ ಮಾತಿಗೆ ಬರೋಣ. ಇದರಲ್ಲಿ ರಿಯಾಯಿತಿ ಇಲ್ಲ. ಬಿಪಿಇಟಿ ಅನ್ನುವ ಪರೀಕ್ಷೆಯಲ್ಲಿ ಬೆನ್ನಿಗೆ ಹೊರೆ, ಕೈಲಿ ರೈಫಲ್ ಹಿಡಿದು 5 ಕಿಲೋಮೀಟರ್ ಓಡಬೇಕು, ಹಗ್ಗ ಹತ್ತಬೇಕು, ಹಳ್ಳ ಹಾರಬೇಕು. ಅಧಿಕಾರಿಗಳಿಗೂ ಉಂಟು, ಜವಾನರಿಗೂ ಉಂಟು. ಇವನೇ ಫಸ್ಟ್ ಬರಬೇಕು ಅಂತೇನಿಲ್ಲ. ಪಲ್ಟನ್‌ನಲ್ಲಿ, ಅಂದರೆ ಬಟಾಲಿಯನ್‌ನಲ್ಲಿ, ಹುಟ್ಟು ಓಟಗಾರರು ಇರುತ್ತಾರೆ, ಅವರನ್ನು ಹಿಂದೆ ಹಾಕಲು ಹೋಗಿ ಹೊಟ್ಟೆ ಹಿಡಿದುಕೊಂಡು ಕೂತರೆ ನಗೆಪಾಟಲು. ಆದರೆ ಕೊನೆಯ ಗುಂಪಿನಲ್ಲಂತೂ ಇರಕೂಡದು. ಅವನ ವಯಸ್ಸೇ ಅವನಿಗಿರುವ ಒಂದೇ ಅನುಕೂಲ, ಅದನ್ನೂ ಕಳಕೊಂಡರೆ ಉಳಿಯೋದೇನು? ಮುಂದೆ ಕಮಾಂಡೋ ಕೋರ್ಸ್‌ಗೆ ಕಳಿಸಿದರೆ ಅವನು ನಮ್ಮ ಬೆಳಗಾವಿಗೇ ಬರಬಹುದು, ಆ ಕೋರ್ಸ್ ನಡೆಯುವುದು ಅಲ್ಲೇ. ಮುಗಿಸಿ ಹೋದವನನ್ನು ಪಲ್ಟನ್ ನೋಡುವ ರೀತಿಯೇ ಸ್ವಲ್ಪ ಬದಲಾಗುತ್ತದೆ.

ಹಲವು ಬಟಾಲಿಯನ್‌ಗಳಲ್ಲಿ ಹೊಸ ಅಧಿಕಾರಿಯನ್ನು ಮೊದಲ ಕೆಲವು ವಾರ ಆಫೀಸರ್ಸ್ ಮೆಸ್‌ಗೆ ಬಿಡುವುದಿಲ್ಲ. ಜವಾನರ ಬ್ಯಾರಕ್‌ನಲ್ಲೇ ಮಲಗಬೇಕು, ಅವರ ಲಂಗರ್‌ನಲ್ಲೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಬೆಳಗಿನ ಪಿಟಿಯಿಂದ ಸಂಜೆಯ ವಾಲಿಬಾಲ್‌ವರೆಗೂ ಅವರ ಜೊತೆಯೇ. ಹೊಸ ಸೊಸೆಯನ್ನು ಇಡೀ ಮನೆ ಓರೆಗಣ್ಣಲ್ಲಿ ನೋಡುತ್ತದಲ್ಲ, ಇದೂ ಹಾಗೇ. ದಾಲ್ ನೀರಾಗಿದೆ ಅಂತ ಮುಖ ಸಿಂಡರಿಸಿದನಾ, ಬಟ್ಟೆ ತಾನೇ ಒಗೆದುಕೊಂಡನಾ, ಆಟದಲ್ಲಿ ಸೋತಾಗ ಹೇಗಿದ್ದ, ಎಲ್ಲ ದಾಖಲಾಗುತ್ತಿರುತ್ತದೆ. ಇವನಿಗೂ ಅದರಲ್ಲಿ ಲಾಭವಿದೆ. ಮೂವತ್ತು ಚಿಲ್ಲರೆ ಜನರ ಹೆಸರು, ಊರು, ಮನೆಯಲ್ಲಿ ಯಾರ್‍ಯಾರಿದ್ದಾರೆ, ಯಾರ ಹೆಂಡತಿ ಬಸುರಿ, ಯಾರ ಅಪ್ಪನಿಗೆ ಆಪರೇಷನ್, ಇದೆಲ್ಲ ಆಫೀಸಿನ ಫೈಲು ನೋಡಿ ತಿಳಿಯುವುದಲ್ಲ. ರಾತ್ರಿ ದೀಪ ಆರಿದ ಮೇಲೆ ಪಕ್ಕದ ಮಂಚದವನು ಹೇಳುವುದು.

ಭಾಷೆಯೂ ಹಾಗೇ. ಗೂರ್ಖಾ ಪಲ್ಟನ್ ಸಿಕ್ಕಿದರೆ ಗೂರ್ಖಾಲಿ ಕಲಿಯಬೇಕು. ಸಿಖ್ ಪಲ್ಟನ್ ಸಿಕ್ಕಿದರೆ ಪಂಜಾಬಿ. ಮದ್ರಾಸ್ ರೆಜಿಮೆಂಟ್‌ಗೆ ಬರುವ ಪಂಜಾಬಿ ಹುಡುಗ ನಮ್ಮವರ ಮಾತು ಕಲಿಯುತ್ತಾನೆ, ಇಡ್ಲಿಗೆ ಒಗ್ಗಿಕೊಳ್ಳುತ್ತಾನೆ. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಕೇಂದ್ರ ಇರುವ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಜವಾನರನ್ನು ಪ್ರೀತಿಯಿಂದ 'ತಂಬಿ' ಅನ್ನುವುದು ರೂಢಿ. ಪಲ್ಟನ್‌ನ ಮಂದಿರ, ಗುರುದ್ವಾರಗಳಲ್ಲಿ ಅಧಿಕಾರಿ ತನ್ನ ಧರ್ಮ ಯಾವುದೇ ಇದ್ದರೂ ಜವಾನರ ಜೊತೆ ಕೂರುತ್ತಾನೆ. ಇಲ್ಲಿ ತಪ್ಪುತಪ್ಪಾಗಿ ಮಾತಾಡಿದರೂ ಪರವಾಗಿಲ್ಲ, ನಗುತ್ತಾ ತಿದ್ದುತ್ತಾರೆ. ಮಾತಾಡದೇ ಇದ್ದರೆ ಮಾತ್ರ ದೂರ ಇಡುತ್ತಾರೆ.

ಇನ್ನೊಂದು ಪದ್ಧತಿ ಹೇಳುತ್ತೇನೆ, ಕಾಲು ತಪಾಸಣೆ. ಉದ್ದದ ರೂಟ್ ಮಾರ್ಚ್ ಮುಗಿದ ಮೇಲೆ ಎಲ್ಲರೂ ಬೂಟು ಬಿಚ್ಚಿ, ಸಾಕ್ಸ್ ತೆಗೆದು ಸಾಲಾಗಿ ಕೂರುತ್ತಾರೆ. ಲೆಫ್ಟಿನೆಂಟ್ ಒಬ್ಬೊಬ್ಬರ ಪಾದ ನೋಡುತ್ತಾ ಬರಬೇಕು. ಜೊತೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್. ಗುಳ್ಳೆ ಎದ್ದಿದೆಯಾ, ಬೆರಳ ಸಂದಿ ಬಿಳಿಚಿಕೊಂಡಿದೆಯಾ, ಬೂಟು ಹಿಮ್ಮಡಿಗೆ ಕಚ್ಚುತ್ತಿದೆಯಾ. ನಿಂತಲ್ಲೇ ಕತ್ತು ಬಗ್ಗಿಸಿ ನೋಡಿ 'ಠೀಕ್, ಠೀಕ್' ಅಂತ ಹೋಗುವವರಿದ್ದಾರೆ. ಕುಕ್ಕರಗಾಲಲ್ಲಿ ಕೂತು, ಹಿಮ್ಮಡಿ ಕೈಲಿ ಹಿಡಿದು, 'ಈ ಬೂಟು ಒಂದು ನಂಬರ್ ಚಿಕ್ಕದು, ಕ್ವಾರ್ಟರ್ ಮಾಸ್ಟರ್ ಸ್ಟೋರಿನಲ್ಲಿ ಬದಲಾಯಿಸಿಕೊಡಿಸ್ತೀನಿ' ಅನ್ನುವವರೂ ಇದ್ದಾರೆ. ಹೇಳಿದ ಮೇಲೆ ಮಾರನೆಯ ದಿನ ಆ ಬೂಟು ಬಂದಿರಬೇಕು, ಅಷ್ಟೆ. ಇವನ ಸ್ವಂತ ಕಾಲಲ್ಲಿ ನಾಲ್ಕು ಗುಳ್ಳೆ ಇದ್ದರೆ ಅದನ್ನು ನೋಡಿಕೊಳ್ಳುವುದು ಎಲ್ಲರದೂ ಆದ ಮೇಲೆ. ಊಟವೂ ಹಾಗೇ. ಫೀಲ್ಡ್‌ನಲ್ಲಿ ಜವಾನರೆಲ್ಲರ ತಟ್ಟೆ ತುಂಬಿದ ಮೇಲೆ ಅಧಿಕಾರಿಯ ತಟ್ಟೆ.

ಇದನ್ನು ಅವನು ಅಕಾಡೆಮಿಯಲ್ಲಿ ಬಾಯಿಪಾಠ ಮಾಡಿರುತ್ತಾನೆ. 1932ರ ಡಿಸೆಂಬರ್ 10ರಂದು ಡೆಹ್ರಾಡೂನ್ ಅಕಾಡೆಮಿಯ ಉದ್ಘಾಟನೆಯಲ್ಲಿ ಆಗಿನ ದಂಡನಾಯಕ ಚೆಟ್‌ವುಡ್ ಆಡಿದ ಮಾತು ಅಲ್ಲಿನ ಚೆಟ್‌ವುಡ್ ಹಾಲ್‌ನಲ್ಲಿ ಕೆತ್ತಿದೆ. ಮೊದಲು ದೇಶದ ಕ್ಷೇಮ, ಆಮೇಲೆ ನಿನ್ನ ಜವಾನರದು, ಎಲ್ಲಕ್ಕಿಂತ ಕೊನೆಗೆ ನಿನ್ನದು, ಯಾವಾಗಲೂ. ಗೋಡೆಯ ಮೇಲೆ ಓದುವುದು ಸುಲಭ. ಹಸಿವಾದಾಗ ತಟ್ಟೆಯ ಸಾಲಿನ ಕೊನೆಗೆ ನಿಲ್ಲುವುದು ಅಷ್ಟು ಸುಲಭ ಅಲ್ಲ.

ಈಗ ಯಾರೂ ಸಿನಿಮಾ ಮಾಡದ ಭಾಗ. ರಜೆ ಮತ್ತು ಕಾಗದ ಪತ್ರ. ಜವಾನನ ವರ್ಷ ತಿರುಗುವುದು ರಜೆಯ ಸುತ್ತ. ನಾಟಿ, ತಂಗಿಯ ಮದುವೆ, ಮಗುವಿನ ಶಾಲೆ, ಎಲ್ಲ ಆ ದಿನಗಳಲ್ಲೇ ಮುಗಿಯಬೇಕು. ಯಾರಿಗೆ ಯಾವಾಗ ರಜೆ ಅನ್ನುವುದರಲ್ಲಿ ಒಂದು ಸಲ ಪಕ್ಷಪಾತ ಮಾಡಿದರೆ ವರ್ಷಗಟ್ಟಲೆ ಮರೆಯುವುದಿಲ್ಲ. ಇದರ ಜೊತೆಗೆ ಜಮೀನಿನ ತಗಾದೆ. ಬಾಗಲಕೋಟೆ ಕಡೆಯ ಒಬ್ಬ ಸಿಪಾಯಿ ಅಂದುಕೊಳ್ಳಿ. ಅವನು ಗಡಿಯಲ್ಲಿರುವಾಗ ಊರಲ್ಲಿ ದೊಡ್ಡಪ್ಪನ ಮಗ ಬದು ಒತ್ತಿಕೊಂಡು ಉಳುತ್ತಿದ್ದಾನೆ. ಅಪ್ಪ ಹದ್ದುಬಸ್ತಿಗೆ ಅರ್ಜಿ ಕೊಟ್ಟು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾನೆ. ಸಿಪಾಯಿಯ ಮೈ ಪೋಸ್ಟ್‌ನಲ್ಲಿ, ಮನಸ್ಸು ಹೊಲದಲ್ಲಿ. ಒಳ್ಳೆ ಲೆಫ್ಟಿನೆಂಟ್ ಅವನನ್ನು ಕೂರಿಸಿಕೊಂಡು ಸರ್ವೆ ನಂಬರ್, ಪಹಣಿ ಪ್ರತಿ, ಅರ್ಜಿ ಕೊಟ್ಟ ತಾರೀಖು ಎಲ್ಲ ಬರೆದುಕೊಳ್ಳುತ್ತಾನೆ. ಕಮಾಂಡಿಂಗ್ ಆಫೀಸರ್ ಸಹಿಯ ಪತ್ರ ಜಿಲ್ಲಾಧಿಕಾರಿಗೆ ಹೋಗುವವರೆಗೂ ಹೆಡ್‌ಕ್ಲರ್ಕ್ ಬೆನ್ನು ಬಿಡುವುದಿಲ್ಲ. ಕೆಲಸ ಆಗದೆಯೂ ಇರಬಹುದು, ತಾಲ್ಲೂಕು ಕಚೇರಿ ಅಂದರೆ ನಮಗೆ ಗೊತ್ತಿಲ್ವಾ. ಆದರೆ ಸಾಬ್ ನನ್ನ ಹೊಲದ ಸರ್ವೆ ನಂಬರ್ ಬರೆದುಕೊಂಡರು ಅನ್ನುವುದು ಇಡೀ ಪ್ಲಟೂನ್‌ಗೆ ಮುಟ್ಟುತ್ತದೆ.

ಯುದ್ಧದಲ್ಲಿ ಮುಂದೆ ನಿಲ್ಲುವ ಮಾತು ಬೇರೆ ಹೇಳಬೇಕಿಲ್ಲ. 1971ರ ಜೂನ್‌ನಲ್ಲಿ ಕಮಿಷನ್ ಆದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಅದೇ ಡಿಸೆಂಬರ್ 16ರಂದು ಭಾರತ-ಪಾಕ್ ಯುದ್ಧದ ಬಸಂತರ್ ಕದನದಲ್ಲಿ ಉರಿಯುತ್ತಿದ್ದ ಟ್ಯಾಂಕ್ ಬಿಟ್ಟು ಬಾ ಅಂದರೂ ಬರಲಿಲ್ಲ. ವಯಸ್ಸು 21, ರೆಜಿಮೆಂಟ್ ಸೇರಿ ತುಂಬಿದ್ದು ಆರೇ ತಿಂಗಳು. ಪರಮವೀರ ಚಕ್ರ ಬಂದದ್ದು ಮರಣಾನಂತರ. ನಮ್ಮ ಕೊಡಗಿನ ತಿಮ್ಮಯ್ಯ 1948ರ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದಾಗ ಮೇಜರ್ ಜನರಲ್ ಆಗಿದ್ದರು. ಹಿಂದೆ ಕೂತು ನಕ್ಷೆ ನೋಡುವ ಹುದ್ದೆ. ಆದರೂ ಮುಂದಿನ ಟ್ಯಾಂಕ್‌ನಲ್ಲೇ ಹೋದರು. ಇಂಥ ದಿನ ಎಲ್ಲರ ಸರ್ವಿಸ್‌ನಲ್ಲೂ ಬರುವುದಿಲ್ಲ. ಬಂದರೆ ಹಿಂದೆ ಯಾರು ಎಷ್ಟು ಜನ ಬರುತ್ತಾರೆ ಅನ್ನುವುದು ಮೇಲೆ ಹೇಳಿದ ಬೂಟು, ರಜೆ, ಪಹಣಿಗಳಲ್ಲಿ ಮೊದಲೇ ತೀರ್ಮಾನ ಆಗಿರುತ್ತದೆ.

ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ. ಹವಾಲ್ದಾರನನ್ನು ಅವನ ಕೈಕೆಳಗಿನ ಹುಡುಗರ ಎದುರು ಗದರಬಾರದು. ಆಚೆ ಕರೆದು ಹೇಳಿದರೆ ಅದೇ ಮಾತು ನಾಟುತ್ತದೆ. ಎಲ್ಲರಿಗೂ ಬೇಕಾದವನಾಗಲು ಹೋಗಿ ಶಿಸ್ತು ಸಡಿಲ ಬಿಡುವುದೂ ಬೇಡ. ತಪ್ಪು ಮಾಡಿದವನನ್ನು ಸುಮ್ನೆ ಬಿಟ್ಟರೆ ಸರಿಯಾಗಿ ಕೆಲಸ ಮಾಡುವವನಿಗೆ ಉರಿಯುತ್ತದೆ. ಹೋದ ಕೂಡಲೇ ಹಿಂದಿನವರ ಪದ್ಧತಿಯನ್ನೆಲ್ಲ ಬದಲಾಯಿಸಲು ಹೊರಡುವ ಉತ್ಸಾಹವನ್ನಂತೂ ಟ್ರಂಕ್‌ನಲ್ಲೇ ಬೀಗ ಹಾಕಿ ಇಡಲಿ.

2022ರಿಂದ ಅಗ್ನಿವೀರರು ಬರುತ್ತಿದ್ದಾರೆ. ನಾಲ್ಕು ವರ್ಷದ ಸೇವೆ, ಆಮೇಲೆ ಅವರಲ್ಲಿ ಶೇ 25ರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಹುಡುಗನ ಪ್ಲಟೂನ್‌ನಲ್ಲಿ ಒಂದು ಕಡೆ ಅಪ್ಪನ ವಯಸ್ಸಿನವರು, ಇನ್ನೊಂದು ಕಡೆ ತಮ್ಮನ ವಯಸ್ಸಿನವರು. ಚಿಕ್ಕವರಿಗೆ ಮುಂದೇನು ಅನ್ನುವ ಚಿಂತೆ ಇರುತ್ತದೆ. ಅದನ್ನು ಅವರು ಸುಬೇದಾರರಿಗಿಂತ ಇವನ ಹತ್ತಿರ ಹೇಳಿಕೊಳ್ಳುವ ಸಾಧ್ಯತೆ ಜಾಸ್ತಿ. ಕೇಳಿಸಿಕೊಳ್ಳಲಿ. ತನ್ನ ಕೈಲಿ ಇಲ್ಲದ್ದಕ್ಕೆ ಮಾತು ಮಾತ್ರ ಕೊಡದಿರಲಿ.

ಗೌರವ ಬಂತೋ ಇಲ್ಲವೋ ಅಂತ ತಿಳಿಯುವುದು ಹೇಗೆ ಅಂತಲೂ ನೀವು ಮುಂದೆ ಕೇಳಬಹುದು. ಸೆಲ್ಯೂಟ್ ನೋಡಿದರೆ ಏನೂ ಗೊತ್ತಾಗಲ್ಲ, ಅದು ಮೊದಲ ದಿನವೂ ಅಷ್ಟೇ ಚೆನ್ನಾಗಿರುತ್ತದೆ. ಏನು ಹೇಳಿದರೂ 'ಠೀಕ್ ಹೈ ಸಾಬ್' ಅಂತ ಬರುತ್ತಿದ್ದರೆ ಇನ್ನೂ ಬಂದಿಲ್ಲ ಅಂತ ಅರ್ಥ. ತಪ್ಪು ಮಾಡಲಿ, ತಾನೇ ಅನುಭವಿಸಲಿ ಅಂತ ಬಿಟ್ಟಿದ್ದಾರೆ. ನಾಲ್ಕೈದು ತಿಂಗಳು ಬಿಟ್ಟು ಅವನು ಫೋನ್ ಮಾಡಿದಾಗ ಸುಬೇದಾರ್ ಸಾಬ್ ಯಾವತ್ತಾದರೂ 'ಬೇಡ ಸಾಬ್, ಹಾಗೆ ಮಾಡಬೇಡಿ' ಅಂದಿದ್ದಾರಾ ಅಂತ ಕೇಳಿ ನೋಡಿ.