ಪಹಣಿಗೆ ಸೇರದ 32 ಎಂಬಿ

ಗಂಗಾವತಿಯ ಒಂದು ಅಕ್ಕಿ ಗಿರಣಿಯ ವೇಬ್ರಿಡ್ಜ್ ಕೋಣೆಯಲ್ಲಿ ಕುಳಿತು ಮೂರು ಸಂಜೆ ಒಂದೇ ಸಾಲನ್ನು ನೋಡಿದ್ದೇನೆ. ಸುಗ್ಗಿಯ ಕಾಲ, ಹೊರಗೆ ಭತ್ತದ ಲಾರಿಗಳ ಸರತಿ. ಮೇಜಿನ ಮೇಲೆ ಅಂಗೈಯಗಲದ ಕಂಪ್ಯೂಟರ್ ಬೋರ್ಡ್, ಅದರಲ್ಲಿ 512 ಎಂಬಿ ಮೆಮೊರಿ. ಹಳೆಯ ಲಿನಕ್ಸ್ ಕರ್ನೆಲ್‌ಗೆ ಭದ್ರತೆಯ ತಿದ್ದುಪಡಿಗಳು ನಿಂತುಹೋಗಿದ್ದರಿಂದ ಹೊಸದನ್ನು ಹಾಕಿದ್ದೆ. ಹೊಸದು ಏಳಲೇ ಇಲ್ಲ.

“ಕರೆಂಟ್ ಹೋಗಿ ಬಂದಾಗ ಸುಟ್ಟಿರಬೇಕು ಸರ್, ಬೇರೆ ಬೋರ್ಡ್ ತರಿಸಿಬಿಡಿ” ಎಂದರು ಗುಮಾಸ್ತರು. ಆದರೆ ಹಳೆಯ ಕರ್ನೆಲ್ ಹಾಕಿದರೆ ಅದೇ ಬೋರ್ಡ್ ಸರಾಗವಾಗಿ ಏಳುತ್ತಿತ್ತು.

ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ ಎಂದು ಹಂಚಿಕೊಡುವುದು ಅದರ ಮುಖ್ಯ ಹೊಣೆಗಳಲ್ಲಿ ಒಂದು. ಅದು ಎದ್ದು ನಿಲ್ಲುವ ಮೊದಲ ಕ್ಷಣಗಳಲ್ಲಿ ಕುಸಿದರೆ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಏಕೆಂದರೆ ಪರದೆಯನ್ನು ನಡೆಸುವ ಭಾಗ ಇನ್ನೂ ಶುರುವಾಗಿರುವುದಿಲ್ಲ. ಆಗ ಉಳಿಯುವ ದಾರಿ ಸೀರಿಯಲ್ ತಂತಿ. ಬೋರ್ಡಿನ ಮೂರು ಪಿನ್ನುಗಳಿಗೆ ಮೂರು ಎಳೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ ಸೆಕೆಂಡಿಗೆ 1,15,200 ಬಿಟ್ ವೇಗದಲ್ಲಿ ಅಕ್ಷರಗಳು ಒಂದೊಂದಾಗಿ ಬರುತ್ತವೆ. ಕರ್ನೆಲ್ ಸಾಯುವ ಮುನ್ನ ಆಡಿದ ಕೊನೆಯ ಮಾತು ಅಲ್ಲಿರುತ್ತದೆ. ನನಗೆ ಸಿಕ್ಕ ಕೊನೆಯ ಸಾಲು ಮೆಮೊರಿಯ ಲೆಕ್ಕದ್ದು.

ನಮ್ಮ ಕಡೆಯ ಓದುಗರಿಗೆ ಇದನ್ನು ಪಹಣಿಯ ಮೂಲಕ ಹೇಳುವುದೇ ಸುಲಭ. ಯಾವ ಸರ್ವೆ ನಂಬರ್ ಎಷ್ಟು ಎಕರೆ, ಅದರಲ್ಲಿ ಖರಾಬು ಎಷ್ಟು, ಸಾಗುವಳಿಗೆ ಬರುವುದೆಷ್ಟು ಎಂದು ಪಹಣಿ ಹೇಳುತ್ತದೆ. ಇಂಥದ್ದೇ ಒಂದು ದಾಖಲೆ ಬೂಟ್ ಆಗುವಾಗ ಕರ್ನೆಲ್‌ನ ಕೈಸೇರುತ್ತದೆ: ಈ ವಿಳಾಸದಿಂದ ಈ ವಿಳಾಸದವರೆಗೆ ಮೆಮೊರಿ, ಇದರಲ್ಲಿ ಇಷ್ಟನ್ನು ಮುಟ್ಟಬಾರದು. ಇಂಥ ಸಣ್ಣ ಬೋರ್ಡುಗಳಲ್ಲಿ ಅದಕ್ಕೆ ಡಿವೈಸ್ ಟ್ರೀ ಎನ್ನುತ್ತಾರೆ. ಕರ್ನೆಲ್ ತಾನಾಗಿ ಹೊಲಕ್ಕೆ ಹೋಗಿ ಅಳೆದು ನೋಡುವುದಿಲ್ಲ, ದಾಖಲೆಯನ್ನೇ ನಂಬುತ್ತದೆ.

ಇಲ್ಲೊಂದು ಸೊಗಸಾದ ತೊಡಕಿದೆ. ಮೆಮೊರಿಯನ್ನು 4,096 ಬೈಟ್‌ಗಳ ಪುಟಗಳಾಗಿ ವಿಂಗಡಿಸಿ ಪ್ರತಿ ಪುಟಕ್ಕೂ ಕರ್ನೆಲ್ ಒಂದು ಖಾತೆ ಇಡುತ್ತದೆ. 512 ಎಂಬಿಗೆ 1,31,072 ಪುಟಗಳು. ಪುಟಕ್ಕೆ 64 ಬೈಟ್ ಎಂದರೂ ಖಾತೆ ಪುಸ್ತಕಕ್ಕೇ 8 ಎಂಬಿ ಬೇಕು. ಆ 8 ಎಂಬಿಯನ್ನು ಕೊಡುವವರು ಯಾರು? ಕೊಡಬೇಕಾದ ವ್ಯವಸ್ಥೆಯೇ ಇನ್ನೂ ಹುಟ್ಟಿಲ್ಲ. ಅದಕ್ಕಾಗಿ ಲಿನಕ್ಸ್‌ನಲ್ಲಿ ಮೆಮ್‌ಬ್ಲಾಕ್ ಎಂಬ ಹಂಗಾಮಿ ಲೆಕ್ಕಿಗನಿದ್ದಾನೆ. ಅವನ ಪಟ್ಟಿಯಲ್ಲಿ ಆರಂಭಕ್ಕೆ ಸಾಮಾನ್ಯವಾಗಿ 128 ಸಾಲುಗಳ ಜಾಗ. ಆ ಪಟ್ಟಿ ಕರ್ನೆಲ್‌ನ ಒಡಲಲ್ಲೇ ಅಡಕವಾಗಿರುವುದರಿಂದ ಅದಕ್ಕಾಗಿ ಯಾರ ಬಳಿಯೂ ಮೆಮೊರಿ ಬೇಡಬೇಕಿಲ್ಲ. ಮೊದಲ ಹಂಚಿಕೆಗಳನ್ನು ಮುಗಿಸಿ, ಉಳಿದ ಮೆಮೊರಿಯನ್ನು ಕಾಯಂ ಹಂಚಿಕೆದಾರನಿಗೆ ಒಪ್ಪಿಸಿ ಅವನು ತೆರೆಗೆ ಸರಿಯುತ್ತಾನೆ. ಕಾಯಂ ವ್ಯವಸ್ಥೆ ನಡೆಯುವುದು ಪೋಡಿ ಮಾಡಿದ ಹಾಗೆ: ದೊಡ್ಡ ತುಂಡನ್ನು ಸರಿಯಾಗಿ ಎರಡಾಗಿ ಸೀಳುವುದು, ಎರಡು ಹಿಸ್ಸಾಗಳೂ ಖಾಲಿಯಾದಾಗ ಮತ್ತೆ ಕೂಡಿಸುವುದು. ಈ ಉಪಾಯವನ್ನು 1963ರಲ್ಲಿ ಕಂಡುಕೊಂಡ ಹ್ಯಾರಿ ಮಾರ್ಕೊವಿಟ್ಜ್‌ಗೆ 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಬೇರೆ ಕೆಲಸಕ್ಕೆ.

ನನ್ನ ಬೋರ್ಡ್ ಸಾಯುತ್ತಿದ್ದುದು ಆ ಹಂಗಾಮಿ ಲೆಕ್ಕಿಗನ ಕೈಯಲ್ಲಿ. ಬೂಟ್ ಆಗುವಾಗ “ಇಷ್ಟೇ ಮೆಮೊರಿ ಇದೆ ಎಂದುಕೋ” ಎಂದು ಕರ್ನೆಲ್‌ಗೆ ಹೇಳಬಹುದು. 256 ಎಂಬಿ ಎಂದೆ, ಎದ್ದಿತು. 384, ಎದ್ದಿತು. 448, 480, ಎರಡಕ್ಕೂ ಎದ್ದಿತು. 496ಕ್ಕೆ ಸತ್ತಿತು. 481ಕ್ಕೂ ಸತ್ತಿತು. ಅಲ್ಲಿಗೆ ಕೊನೆಯ 32 ಎಂಬಿಯಲ್ಲಿ ಬೇರೆ ಯಾರೋ ಇದ್ದಾರೆ ಎಂದಾಯಿತು. ಮೆಮ್‌ಬ್ಲಾಕ್ ಸಾಮಾನ್ಯವಾಗಿ ಮೇಲಿನ ತುದಿಯಿಂದ ಕೆಳಕ್ಕೆ ಹಂಚುತ್ತಾ ಬರುತ್ತದೆ. ಹಾಗಾಗಿಯೇ ಮೊದಲ ಹಂಚಿಕೆಗಳು ನೇರವಾಗಿ ಆ ಜಾಗಕ್ಕೇ ಬಿದ್ದು, ಒತ್ತುವರಿ ಮೊದಲ ಗಳಿಗೆಯಲ್ಲೇ ಸಿಕ್ಕಿಬೀಳುತ್ತಿತ್ತು.

ಅಲ್ಲಿದ್ದುದು ಕರ್ನೆಲ್‌ಗಿಂತ ಮೊದಲೇ ಎದ್ದು ಕೂರುವ ಭದ್ರತಾ ಫರ್ಮ್‌ವೇರ್, ಅಂದರೆ ಬೋರ್ಡಿನ ಜೊತೆಗೇ ಬರುವ ಒಳ ತಂತ್ರಾಂಶ. ಅದರ ಜಾಗವನ್ನು ಯಾರು ಮುಟ್ಟಿದರೂ ಯಂತ್ರಾಂಶವೇ ತಡೆಯುತ್ತದೆ. ಬೋರ್ಡ್ ತಯಾರಿಸಿದವರು ಆ ಗಡಿಯನ್ನು ಡಿವೈಸ್ ಟ್ರೀಯಲ್ಲಿ ಬರೆಯದೆ, ತಮ್ಮ ಹಳೆಯ ಕರ್ನೆಲ್‌ನ ಕೋಡಿನೊಳಗೆ ಬರೀ ಒಂದು ಅಂಕಿಯಾಗಿ ಹೂತಿಟ್ಟಿದ್ದರು. ಹೊಸ ಕರ್ನೆಲ್‌ಗೆ ಅದು ತಿಳಿಯುವ ದಾರಿಯೇ ಇರಲಿಲ್ಲ. ಬಾಂದುಕಲ್ಲು ನೆಡದೆ, ಊರಿನ ಹಿರಿಯರೊಬ್ಬರ ನೆನಪಿನಲ್ಲಿ ಮಾತ್ರ ಇದ್ದ ಗಡಿಯಂತೆ.

480 ಎಂಬಿ ಎಂದೇ ಬಿಟ್ಟರೆ ಗಿರಣಿಯ ಕೆಲಸವೇನೋ ನಡೆಯುತ್ತಿತ್ತು. ಹಾಗೆ ಬಿಡುವುದು ತಪ್ಪು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಆ ಜಾಗ ತುದಿಯಲ್ಲಿದ್ದುದು ಈ ಬೋರ್ಡಿನ ಅದೃಷ್ಟ. ನಡುವೆ ಇದ್ದಿದ್ದರೆ ತುದಿ ಕತ್ತರಿಸಿ ಏನೂ ಆಗುತ್ತಿರಲಿಲ್ಲ. ಸರಿಪಡಿಸಬೇಕಾದದ್ದು ದಾಖಲೆಯನ್ನೇ. ಅದರಲ್ಲೂ “ಇದು ಕಾಯ್ದಿರಿಸಿದ ಜಾಗ” ಎಂದಷ್ಟೇ ಬರೆದರೆ ಸಾಲದು, “ಇದನ್ನು ನಿನ್ನ ವಿಳಾಸಗಳ ನಕ್ಷೆಗೇ ಸೇರಿಸಬೇಡ” ಎಂದೂ ಕರ್ನೆಲ್‌ಗೆ ಹೇಳಬೇಕು. ಇಂದಿನ ಅನೇಕ ಪ್ರೊಸೆಸರ್‌ಗಳು ಮುಂದೆ ಬೇಕಾದೀತೆಂದು ಊಹಿಸಿ, ಯಾವ ಪ್ರೋಗ್ರಾಮೂ ಕೇಳದಿದ್ದರೂ, ನಕ್ಷೆಯಲ್ಲಿರುವ ವಿಳಾಸಗಳನ್ನು ಮುಂಚಿತವಾಗಿ ಓದಿಬಿಡುತ್ತವೆ. ಆಗ ಯಂತ್ರ ನಾಲ್ಕು ದಿನ ಚೆನ್ನಾಗಿ ನಡೆದು ಐದನೆಯ ದಿನ ಕಾರಣ ಕಾಣದಂತೆ ಸತ್ತೀತು. ಬೂಟ್ ಆಗುವಾಗಲೇ ಸಾಯುವ ದೋಷ ಇದಕ್ಕಿಂತ ಎಷ್ಟೋ ಪ್ರಾಮಾಣಿಕವಾದದ್ದು.

ಡಿವೈಸ್ ಟ್ರೀಗೆ ಸೇರಿಸಿದ್ದು ಆರು ಸಾಲು. ಪ್ಲಗ್ ಕಿತ್ತು ಹಾಕಿ ನಲವತ್ತು ಸಲ ಪರೀಕ್ಷಿಸಿದೆ, ನಲವತ್ತು ಸಲವೂ ಎದ್ದಿತು. ಬೋರ್ಡ್ ತಯಾರಿಸಿದವರಿಗೆ ಆ ಸಾಲುಗಳನ್ನು ಕಳುಹಿಸುವಾಗ ವಿಳಾಸದ ಪಕ್ಕದಲ್ಲಿ ಒಂದು ಟಿಪ್ಪಣಿ ಸೇರಿಸಿದೆ: ಈ ಜಾಗ ಯಾರದ್ದು, ಏಕೆ ಮುಟ್ಟಬಾರದು ಎಂದು.