ಮಂಗೋಲರ ದಂಡು ಎಲ್ಲಿ ನಿಂತಿತು, ಯಾಕೆ ನಿಂತಿತು

1260ರ ಆರಂಭದಲ್ಲಿ ಚೆಂಗೀಸ್ ಖಾನನ ಮೊಮ್ಮಗ ಹುಲಗು ಸಿರಿಯಾದಲ್ಲಿ ಗೆದ್ದು ನಿಂತಿದ್ದ. ಬಾಗ್ದಾದ್ ಬಿದ್ದು ಎರಡು ವರ್ಷವಾಗಿತ್ತು. ಅಲೆಪ್ಪೊ, ಡಮಾಸ್ಕಸ್ ಕೈಗೆ ಬಂದಿದ್ದವು. ಉಳಿದದ್ದು ಈಜಿಪ್ಟ್. ಅಷ್ಟರಲ್ಲಿ ಅವನು ಸೈನ್ಯದ ಬಹುಪಾಲನ್ನು ಕಟ್ಟಿಕೊಂಡು ಹಿಂದಿರುಗಿಬಿಟ್ಟ. ಮಂಗೋಲರ ಮಹಾಖಾನನಾಗಿದ್ದ ಅಣ್ಣ ಮೊಂಗ್ಕೆ 1259ರಲ್ಲಿ ಸತ್ತು ಪಟ್ಟದ ಜಗಳ ಶುರುವಾಗಿತ್ತು, ಅದು ನಿಜ. ಆದರೆ 1262ರಲ್ಲಿ ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿಗೆ ಬರೆಸಿದ ಪತ್ರದಲ್ಲಿ ಹುಲಗು ಇನ್ನೊಂದು ಕಾರಣ ಕೊಡುತ್ತಾನೆ: ಅಲ್ಲಿನ ಮೇವು ಮುಗಿದಿತ್ತು.

ಇದನ್ನು ನೆಪ ಎಂದು ತಳ್ಳಿಹಾಕುವಂತಿಲ್ಲ. ಮಂಗೋಲ್ ಸೈನ್ಯದ ಎಣಿಕೆ ಹತ್ತರ ಲೆಕ್ಕದಲ್ಲಿ ನಡೆಯುತ್ತಿತ್ತು: ಹತ್ತು, ನೂರು, ಸಾವಿರ, ಹತ್ತು ಸಾವಿರ. ಹತ್ತು ಸಾವಿರದ ದಂಡಿಗೆ ತುಮೆನ್ ಎಂದು ಹೆಸರು. ಒಬ್ಬ ಸವಾರನಿಗೆ ಮೂರರಿಂದ ಐದು ಕುದುರೆ. ನಾಲ್ಕೇ ಎಂದುಕೊಂಡರೂ ಒಂದು ತುಮೆನ್‌ಗೆ 40,000 ಕುದುರೆ. ಮಂಗೋಲಿಯಾದ ಕುದುರೆ ಗಿಡ್ಡ, ಸುಮಾರು 300 ಕಿಲೋ ತೂಗುತ್ತದೆ. ಅದಕ್ಕೂ ದಿನಕ್ಕೆ ಐದಾರು ಕಿಲೋ ಒಣಹುಲ್ಲಿನಷ್ಟು ಮೇವು ಬೇಕು. ಅಂದರೆ ದಿನವೊಂದಕ್ಕೆ 200 ಟನ್; ಹತ್ತು ಟನ್ನಿನ ಲಾರಿಯಲ್ಲಾದರೆ ಇಪ್ಪತ್ತು ಲೋಡು! ಜೊತೆಗೆ ನೀರು, ಹಿಂದೆ ಬರುವ ಕುರಿಮಂದೆ.

ತಮ್ಮ ಹುಲ್ಲುಗಾವಲಿನಲ್ಲಿ ಈ ಲೆಕ್ಕವೇ ಅವರ ಬಲ. ಮೇವನ್ನು ಹೊರಬೇಕಾಗಿಲ್ಲ, ಅದು ನೆಲದಲ್ಲೇ ಇದೆ. ಹಿಮ ಬಿದ್ದರೆ ಕುದುರೆ ಗೊರಸಿನಿಂದ ಕೆದಕಿ ಅಡಿಯ ಹುಲ್ಲನ್ನು ಮೇಯುತ್ತದೆ. ಹೆಣ್ಣುಕುದುರೆಯ ಹಾಲು ಸವಾರನ ಊಟ. ಒಂದು ಕುದುರೆ ದಣಿದರೆ ಇನ್ನೊಂದಕ್ಕೆ ಜೀನು. ಬೇಸಿಗೆಯಲ್ಲಿ ಕೊಬ್ಬಿಸಿದ ಕುದುರೆಗಳನ್ನು ಚಳಿಗಾಲದಲ್ಲಿ ದಂಡಯಾತ್ರೆಗೆ ಎಳೆದರೆ ಹೆಪ್ಪುಗಟ್ಟಿದ ನದಿಗಳೇ ರಸ್ತೆ. 1237ರ ಚಳಿಗಾಲದಲ್ಲಿ ರಷ್ಯಾದ ಊರುಗಳು ಒಂದೊಂದಾಗಿ ಬಿದ್ದದ್ದು ಹೀಗೆ. ಹಳೆಯ ಮರಗಳ ವಾರ್ಷಿಕ ಉಂಗುರಗಳನ್ನು ಓದಿದವರಿಗೆ ಕಂಡ ಸಂಗತಿಯೂ ಇಲ್ಲಿ ಮುಖ್ಯ: 1211ರಿಂದ 1225ರವರೆಗೆ ಮಂಗೋಲಿಯಾದಲ್ಲಿ ಎಂದಿಗಿಂತ ಹೆಚ್ಚು ಮಳೆಯಾಗಿತ್ತು. ಚೆಂಗೀಸ್ ಉತ್ತರ ಚೀನಾದ ಜಿನ್ ದೊರೆಗಳ ಮೇಲೆ, ಆಮೇಲೆ ಮಧ್ಯ ಏಷ್ಯಾದ ಖ್ವಾರಜ್ಮ್ ರಾಜ್ಯದ ಮೇಲೆ ಬಿದ್ದದ್ದು ಸರಿಯಾಗಿ ಆ ವರ್ಷಗಳಲ್ಲೇ. ಮಳೆ ಸಾಮ್ರಾಜ್ಯ ಕಟ್ಟಲಿಲ್ಲ, ಆದರೆ ಕುದುರೆಗಳ ಹೊಟ್ಟೆ ತುಂಬಿಸಿತು.

ಅಂಚೆಯೂ ಕುದುರೆಯ ಮೇಲೆಯೇ ನಿಂತಿತ್ತು. ಚೆಂಗೀಸನ ನಂತರ ಪಟ್ಟಕ್ಕೆ ಬಂದ ಅವನ ಮಗ ಓಗದೈ 1234ರ ಹೊತ್ತಿಗೆ ಅದನ್ನು ಗಟ್ಟಿಯಾಗಿ ಕಟ್ಟಿದ. ಯಾಮ್ ಎಂಬ ಆ ಠಾಣೆಗಳು ಸುಮಾರು 25 ಮೈಲಿಗೊಂದು ಇದ್ದವು ಎನ್ನುತ್ತಾನೆ ಮಾರ್ಕೊ ಪೋಲೊ. ತುರ್ತು ಸುದ್ದಿ ತರುವವನ ನಡುಪಟ್ಟಿಯಲ್ಲಿ ಗಂಟೆಗಳಿರುತ್ತಿದ್ದವು. ದೂರದಿಂದ ನಾದ ಕೇಳಿದೊಡನೆ ಮುಂದಿನವನು ಹೊರಡಲು ಸಜ್ಜಾಗುತ್ತಿದ್ದ. ಠಾಣೆಯ ಕುದುರೆ, ಮೇವು, ಆಹಾರದ ಹೊರೆ ಮಾತ್ರ ಸುತ್ತಲಿನ ಜನರ ಬೆನ್ನಿಗೆ.

ಹುಲ್ಲು ತೆಳುವಾದ ಕಡೆ ಇದೆಲ್ಲ ತಿರುಗುಮುರುಗಾಯಿತು. ಹುಲಗು ಸಿರಿಯಾದಲ್ಲಿ ತನ್ನ ಸೇನಾನಿ ಕಿತ್‌ಬುಕಾನ ಜೊತೆ ಬಿಟ್ಟುಹೋದದ್ದು ಒಂದೆರಡು ತುಮೆನ್ ಅಷ್ಟೇ. ಎದುರಿಗಿದ್ದ, ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರ ಕುದುರೆಗಳು ಸಂಖ್ಯೆಯಲ್ಲಿ ಕಡಿಮೆ, ಆದರೆ ಲಾಯದಲ್ಲಿ ಬಾರ್ಲಿ ತಿಂದು ಬೆಳೆದವು, ಆಳ್ತನದಲ್ಲಿ ದೊಡ್ಡವು. 1260ರ ಸೆಪ್ಟೆಂಬರ್ 3ರಂದು ಪ್ಯಾಲೆಸ್ಟೀನಿನ ಐನ್ ಜಾಲೂತ್‌ನಲ್ಲಿ ಕಿತ್‌ಬುಕಾ ಸೋತು ಪ್ರಾಣ ಬಿಟ್ಟ. 1242ರಲ್ಲಿ ಹಂಗೇರಿಯಿಂದ ಮಂಗೋಲರು ಹೊರಟದ್ದಕ್ಕೂ ಓಗದೈನ ಸಾವಿನ ಜೊತೆಗೆ ಮೇವಿನ ಕೊರತೆಯನ್ನು, ಆ ವಸಂತದ ಕೆಸರನ್ನು ಸೇರಿಸುವ ಇತಿಹಾಸಕಾರರಿದ್ದಾರೆ. ನನಗೆ ಅವರ ಮಾತು ಸರಿ ಎನಿಸುತ್ತದೆ.

ಬಿಸಿನಾಡುಗಳಲ್ಲಿ ಇನ್ನೊಂದು ಶತ್ರುವೂ ಇತ್ತು: ಸೆಖೆ ಮತ್ತು ತೇವ. ಕೊಂಬು, ಮರ, ಪ್ರಾಣಿಯ ನರಗಳನ್ನು ಅಂಟು ಹಾಕಿ ಬೆಸೆದ ಅವರ ಬಿಲ್ಲು ಒಣಹವೆಯಲ್ಲಿ ಅಪ್ರತಿಮ. ತೇವ ಹಿಡಿದರೆ ಅಂಟು ಮೆದುವಾಗಿ ಬಿಗಿ ಹೋಗುತ್ತದೆ. ಚೆಂಗೀಸ್ 1221ರಲ್ಲಿ ಸಿಂಧೂ ದಂಡೆಯವರೆಗೆ ಬಂದ ಮೇಲೆ ಮುಲ್ತಾನಿಗೆ ಮುತ್ತಿಗೆ ಹಾಕಿದ ಅವನ ದಂಡು ಬಿಸಿಲು ತಾಳಲಾರದೆ ವಾಪಸಾಯಿತು. ದಕ್ಷಿಣ ಭಾರತದ ಅರಸರು ಯುದ್ಧದ ಕುದುರೆಗಳಿಗಾಗಿ ಶತಮಾನಗಳ ಕಾಲ ಅರಬ್ ಕಡಲ ವ್ಯಾಪಾರಿಗಳ ದಾರಿ ಕಾದದ್ದೂ ಇಂಥದ್ದೇ ಹವೆಯಿಂದ.

ದಕ್ಷಿಣ ಚೀನಾದಲ್ಲಿ ಹುಲ್ಲುಗಾವಲೇ ಇರಲಿಲ್ಲ. ಅಲ್ಲಿದ್ದದ್ದು ಗದ್ದೆ, ಕಾಲುವೆ, ಕೋಟೆ. ಹುಲಗುವಿನ ಅಣ್ಣ ಕುಬ್ಲಾಯ್ ಖಾನ್ ಅಲ್ಲಿ ಚೀನೀ ನಾವಿಕರನ್ನು ಸೇರಿಸಿಕೊಂಡು ದೋಣಿಪಡೆ ಕಟ್ಟಿದ. ಶಿಯಾಂಗ್‌ಯಾಂಗ್ ಕೋಟೆಗೆ 1268ರಲ್ಲಿ ಹಾಕಿದ ಮುತ್ತಿಗೆ ಐದು ವರ್ಷ ಎಳೆಯಿತು. ಪಶ್ಚಿಮ ಏಷ್ಯಾದಿಂದ ಕರೆಸಿದ ಇಬ್ಬರು ಮುಸ್ಲಿಂ ಕುಶಲಕರ್ಮಿಗಳು ಭಾರ ಕಟ್ಟಿದ ತೂಗುಕವಣೆಗಳನ್ನು ನಿಲ್ಲಿಸಿ ದೊಡ್ಡ ಕಲ್ಲುಗಳನ್ನು ಎಸೆಯತೊಡಗಿದ ಮೇಲೆ, 1273ರಲ್ಲಿ ಅದು ಶರಣಾಯಿತು. ದಕ್ಷಿಣ ಚೀನಾವನ್ನು ಆಳುತ್ತಿದ್ದ ಸಾಂಗ್ ವಂಶದ ಕೊನೆಯ ಕಾಳಗ ನಡೆದದ್ದು 1279ರಲ್ಲಿ, ಯಾಮೆನ್‌ನ ಸಮುದ್ರದ ಮೇಲೆ, ಹಡಗು ಹಡಗುಗಳ ನಡುವೆ.